ಗೊಂಬೆ ನೋಡಲು ಸೈಕಲ್ಲಿನಲ್ಲಿ ಹೋದ ಸಂಜೆ

ಸೈಕಲ್ ಕಲಿಯಲು ಬಂದವರಿಗೆ ನಾನು ಮೊದಲು ಮಾಡಿಸುವ ಕೆಲಸ ಪೆಡಲ್ ಬಿಚ್ಚಿಸುವುದು. ಸೀಟು ತಗ್ಗಿಸಿ, ಎರಡೂ ಪಾದ ನೆಲಕ್ಕೆ ಊರುವಂತೆ ಕೂರಿಸಿ, ನೆಲವನ್ನು ಒದ್ದುಕೊಂಡು ಮುಂದೆ ಹೋಗಿ ಅನ್ನುತ್ತೇನೆ. ಒಂದು ವಾರ ಅಷ್ಟೇ ಪಾಠ. ಹಿಂದಿನಿಂದ ಯಾರೂ ಗಾಡಿ ಹಿಡಿಯುವ ಹಾಗಿಲ್ಲ, ಜೊತೆಗೆ ಯಾರೂ ಓಡಿ ಬರುವ ಹಾಗಿಲ್ಲ. ನಲವತ್ತು ದಾಟಿದ, ಐವತ್ತು ದಾಟಿದ ಹೆಂಗಸರು ಬೆಳಗ್ಗೆ ಆರೂವರೆಗೆ ಬಸವನಗುಡಿಯ ಒಂದು ಶಾಲೆಯ ಮೈದಾನದಲ್ಲಿ ಬಾತುಕೋಳಿಗಳ ಹಾಗೆ ಕಾಲು ಬಡಿಯುತ್ತ ಹೋಗುವುದನ್ನು ನೋಡಿ, ವಾಕಿಂಗಿಗೆ ಬಂದ ಗಂಡಸರು ನಗುತ್ತಿದ್ದರು. ನಗಲಿ. ಎಂಟನೆಯ ದಿನ ಪೆಡಲ್ ಹಾಕಿಸಿದರೆ ಅದೇ ಹೆಂಗಸರು ಮೈದಾನವನ್ನು ಒಂದು ಸುತ್ತು ಹಾಕಿ, ಇಳಿಯುವುದು ಹೇಗೆ ಅಂತ ಗೊತ್ತಾಗದೆ ಇನ್ನೊಂದು ಸುತ್ತು ಹೋಗುತ್ತಿದ್ದರು.

ನಾನು ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟವಳು. ಚಿಕ್ಕವಳಿದ್ದಾಗ ಅಣ್ಣನ ಜೊತೆ ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆದು ಕಲಿತಿದ್ದೆ. ಆಮೇಲೆ ಮದುವೆ, ಮಗಳು, ಕೆಲಸ ಅಂತ ಸೈಕಲ್ ಮರೆತೇ ಹೋಗಿತ್ತು. ನಿವೃತ್ತಿಯಾದ ಮೇಲೆ ಒಂದು ಹೊಸ ಸೈಕಲ್ ಕೊಂಡು ಗಾಂಧಿ ಬಜಾರಿಗೆ ಸೊಪ್ಪು ತರಲು ಹೊರಟಾಗ ನಮ್ಮ ಯಜಮಾನರು, "ಈ ವಯಸ್ಸಲ್ಲಿ ಸೊಂಟ ಮುರ್ಕೊಂಡ್ರೆ ನಾನು ಕಾಫಿ ಮಾಡ್ಕೊಡಲ್ಲ, ಈಗ್ಲೇ ಹೇಳಿದೀನಿ" ಅಂದರು. ಸೊಂಟ ಮುರಿಯಲಿಲ್ಲ. ಅವರು ಕಾಫಿಯನ್ನೂ ಮಾಡಿಕೊಡಲಿಲ್ಲ. ಬೀದಿಯ ಹೆಂಗಸರು ಮಾತ್ರ ಒಬ್ಬೊಬ್ಬರಾಗಿ ಗೇಟಿನ ಹತ್ತಿರ ನಿಲ್ಲಿಸಿ, "ನಮಗೂ ಕಲಿಸ್ತೀರಾ?" ಅಂತ ಕೇಳತೊಡಗಿದರು. ಮೈದಾನದ ಪಾಠ ಹಾಗೆ ಶುರುವಾಯಿತು.

ಪಾಠ ಹೇಳುವವರ ಕಾಯಿಲೆಯೊಂದು ನನಗೂ ಇದೆ. ಲೆಕ್ಕ ತಪ್ಪಿದರೆ ಯಾವ ಸಾಲಿನಲ್ಲಿ ತಪ್ಪಿತು ಅಂತ ಹುಡುಕಿ ಕೆಂಪು ಶಾಯಿಯಲ್ಲಿ ಸುತ್ತು ಹಾಕದಿದ್ದರೆ ನನಗೆ ಸಮಾಧಾನವಿಲ್ಲ. ಮೂವತ್ತು ವರ್ಷವೂ ತಪ್ಪು ಹುಡುಗಿಯರ ನೋಟ್‌ಬುಕ್ಕಿನಲ್ಲೇ ಇರುತ್ತಿತ್ತು. ನಾನು ಬೋರ್ಡಿನ ಮೇಲೆ ಬರೆದದ್ದರಲ್ಲಿ ತಪ್ಪಿರಬಹುದು ಅಂತ ಯಾರೂ ಹೇಳಲಿಲ್ಲ, ನಾನೂ ಅಂದುಕೊಳ್ಳಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಮುಂದಿನದೆಲ್ಲ ಇದರಿಂದಲೇ ಆದದ್ದು.

ನನ್ನ ಸೀರೆಗಳಿಗೆ ಕುಚ್ಚು ಹಾಕಿಕೊಡುತ್ತಿದ್ದ ಹೆಂಗಸೊಬ್ಬಳಿದ್ದಳು. ಸೆರಗಿನ ತುದಿಯ ಎಳೆಗಳನ್ನು ಗುಂಪು ಗುಂಪಾಗಿ ಹಿಡಿದು, ಬಣ್ಣದ ರೇಷ್ಮೆ ದಾರ ಸೇರಿಸಿ, ಮಣಿ ಪೋಣಿಸಿ ಗಂಟು ಹಾಕುವ ಕೆಲಸ. ಒಂದು ಸೆರಗಿಗೆ ಇಡೀ ದಿನ ಹಿಡಿಯುತ್ತದೆ. ಚಾಮರಾಜಪೇಟೆಯ ಒಂದು ವಠಾರದಲ್ಲಿ ಮನೆ. ಸೀರೆ ಕೊಡುವವರೆಲ್ಲ ಇರುವುದು ಬಸವನಗುಡಿಯ ಕಡೆ. ಎರಡು ಹೆಗಲಿಗೂ ಬಟ್ಟೆ ಚೀಲ ನೇತುಹಾಕಿಕೊಂಡು ಬಿಸಿಲಲ್ಲಿ ನಡೆದು ಬರುತ್ತಿದ್ದಳು. ಬಾಗಿಲಲ್ಲಿ ನಿಂತು ಒಂದು ಲೋಟ ನೀರು ಕುಡಿದು, "ಇನ್ನೂ ನಾಕ್ ಮನೆ ಇದೆ ಮಿಸ್" ಅಂತ ಹೊರಟುಬಿಡುತ್ತಿದ್ದಳು. ಅವಳ ಮಗಳು ನನ್ನ ಶಾಲೆಯಲ್ಲಿ ಓದಿದವಳು, ಹಾಗಾಗಿ ತಾಯಿಗೂ ನಾನು ಮಿಸ್.

"ಸೈಕಲ್ ಕಲಿತ್ಕೊಳ್ಳಿ" ಅಂತ ನಾನೇ ಹೇಳಿದೆ. ಮಲ್ಲೇಶ್ವರಕ್ಕೆ ಮದುವೆಯಾಗಿ ಹೋದ ಮಗಳ ಹಳೆಯ ಸೈಕಲ್ ನಮ್ಮ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಅದನ್ನು ರಿಪೇರಿ ಮಾಡಿಸಿ ಕೊಡುತ್ತೇನೆ ಅಂದೆ. ಅವಳು ನಕ್ಕು, ಮನೆಯಲ್ಲಿ ಕೇಳಬೇಕು ಅಂದಳು. ಅವಳ ಗಂಡ ಸುಲ್ತಾನ್‌ಪೇಟೆಯ ಒಂದು ಮದುವೆ ಕಾರ್ಡಿನ ಅಂಗಡಿಯಲ್ಲಿ ಆರ್ಡರ್ ಬರೆದುಕೊಳ್ಳುವ ಕೆಲಸದಲ್ಲಿದ್ದ. ನನ್ನನ್ನು ಕಂಡರೆ ಕೈಮುಗಿದು ಪಕ್ಕಕ್ಕೆ ನಿಲ್ಲುವಷ್ಟು ಮರ್ಯಾದೆಸ್ಥ. ಮಾರನೆಯ ದಿನ ಅವಳು ಬಂದು, "ಟೀಚರ್ ಕಲಿಸ್ತಾರೆ ಅಂದ್ರೆ ಸರಿ, ಬೇರೆ ಯಾರಾದ್ರೂ ಆಗಿದ್ರೆ ಬೇಡ ಅಂತಿದ್ದೆ, ಅಂದ್ರು" ಅಂತ ಗಂಡನ ಮಾತನ್ನು ಒಪ್ಪಿಸಿದಳು. ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವಳು ಮೈದಾನಕ್ಕೆ ಬಂದ ದಿನದಿಂದ ನನ್ನ ಬಾಯಲ್ಲಿ 'ನೀವು' ಹೋಗಿ 'ನೀನು' ಆಯಿತು. ಕಲಿಯಲು ಬಂದವರು ಯಾರೇ ಆಗಲಿ, ನನಗೆ ಒಂಬತ್ತನೇ ಕ್ಲಾಸಿನವರೇ.

ಆ ಗುಂಪಿನಲ್ಲಿ ಅವಳಷ್ಟು ಬೇಗ ಕಲಿತವರಿಲ್ಲ. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಮುಂದಿನ ಚಕ್ರ ಸರಿಯಾಗಿ ಗೆರೆಯ ಮೇಲೆ ನಿಲ್ಲುವಂತೆ ಬ್ರೇಕ್ ಹಿಡಿಯಬೇಕು ಅನ್ನುವುದು ನನ್ನ ಪರೀಕ್ಷೆ. ಬೇರೆಯವರು ಗೆರೆ ದಾಟಿ ಒಂದು ಮಾರು ಮುಂದೆ ಹೋಗಿ, "ಅಯ್ಯೋ ನಿಲ್ಲಲ್ವಲ್ರೀ ಇದು!" ಅಂತ ಕೂಗುತ್ತಿದ್ದರು. ಅವಳು ಹತ್ತು ಸಲ ಬಂದರೆ ಹತ್ತು ಸಲವೂ ಗೆರೆಯ ಮೇಲೆ. ದಿನವಿಡೀ ಕೂದಲೆಳೆಯಂಥ ದಾರ ಹಿಡಿಯುವ ಬೆರಳುಗಳು, ಎಷ್ಟು ಒತ್ತಬೇಕು ಅಂತ ಅವಕ್ಕೆ ಹೇಳಿಕೊಡಬೇಕಾಗಿರಲಿಲ್ಲ. ಬ್ರೇಕ್ ಹಿಡಿಯುವುದರಲ್ಲಿ ಅವಳು ನನಗಿಂತ ಚೆನ್ನಾಗಿದ್ದಳು. ಇದನ್ನೂ ನೆನಪಿಟ್ಟುಕೊಳ್ಳಿ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಅವಳ ಸವಾರಿ ಬೀದಿಗೆಲ್ಲ ಪರಿಚಯವಾಗಿತ್ತು. ಚೂಡಿದಾರ್, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಗಂಟು, ಮುಂದಿನ ಬುಟ್ಟಿಯಲ್ಲಿ ಸೀರೆಗಳು. ಒಂದು ದಿನ ನನ್ನ ಅಡುಗೆಮನೆಯಲ್ಲಿ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು ಹೇಳಿದಳು: "ಮಿಸ್, ದಿನಾ ಮುಕ್ಕಾಲು ಗಂಟೆ ಉಳಿಯತ್ತೆ. ಮನೇಲಿ ಹೇಳಿಲ್ಲ. ಬರ್ತಾ ಪಾರ್ಕಲ್ಲಿ ಕೂತ್ಕೋತೀನಿ."

"ಕೂತು ಏನ್ ಮಾಡ್ತೀಯ?" ಅಂದೆ.

"ಏನೂ ಇಲ್ಲ. ಸುಮ್ನೆ ಕೂತ್ಕೋತೀನಿ. ಮದುವೆ ಆದ್ಮೇಲೆ ಇಷ್ಟು ಹೊತ್ತು ಸುಮ್ನೆ ಕೂತಿದ್ದೇ ಇಲ್ಲ."

ನಾನು ಸೈಕಲ್ ಕಲಿಸಿದ್ದರಿಂದ ಯಾರಿಗಾದರೂ ನಿಜವಾಗಿ ಏನಾದರೂ ಸಿಕ್ಕಿದ್ದರೆ, ಅದು ಆ ಮುಕ್ಕಾಲು ಗಂಟೆ. ಉಳಿದವರಿಗೆಲ್ಲ ಅದು ವ್ಯಾಯಾಮ, ಮೊಬೈಲಿನಲ್ಲಿ ಫೋಟೊ. ನನಗೆ ಆಗ ಈ ವ್ಯತ್ಯಾಸ ಹೊಳೆಯಲಿಲ್ಲ. ನನ್ನ ತಲೆ ಬೇರೆ ಕಡೆ ಇತ್ತು. ಇನ್ನೂ ಹೆಚ್ಚು ಹೆಂಗಸರು ಬರಬೇಕು, ಇಡೀ ಬಸವನಗುಡಿಯ ಹೆಂಗಸರು ಸೈಕಲ್ ಹತ್ತಬೇಕು ಅನ್ನುವ ಹುಚ್ಚು ಹಿಡಿದಿತ್ತು.

ನವರಾತ್ರಿ ಬಂತು. ನಮ್ಮ ಕಡೆ ಮನೆಮನೆಯಲ್ಲೂ ಗೊಂಬೆ ಕೂರಿಸುತ್ತಾರೆ. ಸಂಜೆ ಹೊತ್ತು ಹೆಂಗಸರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮನೆಯಿಂದ ಮನೆಗೆ ಹೋಗಿ ಗೊಂಬೆ ನೋಡಿ, ಅರಿಶಿನ ಕುಂಕುಮ ತಗೊಂಡು, ಚರುಪು ತಿಂದು ಬರುವುದು ವಾಡಿಕೆ. ಹಾಗೆ ಹೋದ ಒಂದು ಮನೆಯಲ್ಲಿ ಸೈಕಲ್ಲಿನ ಮಾತು ಬಂದಾಗ ಆ ಮನೆಯಾಕೆ, "ಸೈಕಲ್ಲೆಲ್ಲ ಪ್ಯಾಂಟ್ ಹಾಕೋರಿಗೆ ಕಣ್ರೀ. ನಮ್ಮಂಥ ಸೀರೆಯವರಿಗಲ್ಲ" ಅಂದರು. ಕೂತವರೆಲ್ಲ ತಲೆಯಾಡಿಸಿದರು. ನನಗೆ ಮೈ ಉರಿಯಿತು. ಉರಿದರೆ ನನಗೆ ತಡೆಯಿಲ್ಲ. ಮೈದಾನದವರನ್ನೆಲ್ಲ ಸೇರಿಸಿ ಹೇಳಿದೆ: ಶುಕ್ರವಾರ ಸಂಜೆ ಎಲ್ಲರೂ ರೇಷ್ಮೆ ಸೀರೆ ಉಟ್ಟು ಸೈಕಲ್ಲಿನಲ್ಲೇ ಗೊಂಬೆ ನೋಡಲು ಹೋಗೋಣ, ಐದು ಮನೆ, ಮೊದಲನೆಯದು ಆ ಮಹಾತಾಯಿಯ ಮನೆ.

ಇಬ್ಬರು ಆಗಲೇ ಮಂಡಿನೋವು ಅಂದರು. ಕುಚ್ಚಿನವಳು ಎಲ್ಲರೂ ಹೋದ ಮೇಲೆ ನಿಂತು, "ಮಿಸ್, ನಾನು ಚೂಡಿದಾರಲ್ಲೇ ಬರ್ತೀನಿ. ಸೀರೆ ಉಟ್ಟು ಒಂದ್ಸಲಾನೂ ಹೊಡ್ದಿಲ್ಲ" ಅಂದಳು.

"ದಿನಾ ಸೀರೆ ಮಧ್ಯೇನೇ ಬದುಕೋಳು ನೀನು. ನೀನೇ ಮುಂದೆ ಇರ್ಬೇಕು."

"ಹಂಗಲ್ಲ ಮಿಸ್. ಹಿಂದಿನ ಚಕ್ರಕ್ಕೆ ಬಲೆ ಇಲ್ವಲ್ಲ. ಸೆರಗು ಸಿಕ್ಕಾಕೊಂಡ್ರೆ?"

ಅವಳು ಹೇಳಿದ್ದು ನಿಜ. ಲೇಡೀಸ್ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಬಟ್ಟೆ ಸಿಕ್ಕಿಕೊಳ್ಳದಂತೆ ಎರಡೂ ಕಡೆ ಬಲೆ ಇರುತ್ತದೆ. ಮಗಳ ಸೈಕಲ್ಲಿನದು ತುಕ್ಕು ಹಿಡಿದು ಬಿದ್ದುಹೋಗಿತ್ತು. ರಿಪೇರಿಯವನು ಹೊಸದು ಹಾಕಲೇ ಅಂತ ಕೇಳಿದ್ದ, ಚೂಡಿದಾರಿಗೆ ಯಾಕೆ ಅಂತ ನಾನೇ ಬೇಡವೆಂದಿದ್ದೆ. ಈಗಲಾದರೂ ಒಂದು ದಿನ ತಡೆದು ಹಾಕಿಸಬಹುದಿತ್ತು. "ಸೆರಗನ್ನ ಬಿಗಿಯಾಗಿ ಸಿಕ್ಕಿಸ್ಕೋ, ಏನೂ ಆಗಲ್ಲ" ಅಂದೆ. ಅಷ್ಟಕ್ಕೇ ಬಿಡದೆ ಬೀರು ತೆಗೆದು ನನ್ನ ನೇರಳೆ ಬಣ್ಣದ ರೇಷ್ಮೆ ಸೀರೆ ಕೊಟ್ಟೆ. ಅದರ ಕುಚ್ಚು ಅವಳೇ ಹಾಕಿದ್ದು, ಗೇಣುದ್ದದ್ದು. "ಯಾರು ಹಾಕಿದ್ದು ಅಂತ ನಾಲ್ಕು ಜನ ಕೇಳಲಿ" ಅಂದೆ. ಅವಳು ಮತ್ತೆ ಎದುರಾಡಲಿಲ್ಲ. ನನಗೆ ಎದುರಾಡುವುದು ಯಾರಿಗೂ ಅಷ್ಟು ಸುಲಭವಲ್ಲ.

ಶುಕ್ರವಾರ ಏಳು ಜನ ಹೊರಟೆವು. ಸುಳ್ಳು ಯಾಕೆ ಹೇಳಲಿ, ಮೊದಲ ಹತ್ತು ನಿಮಿಷ ನನ್ನ ಬದುಕಿನ ಚೆಂದದ ಗಳಿಗೆಗಳಲ್ಲೊಂದು. ಹೂವಿನ ಅಂಗಡಿಯವರು ಕೈ ನಿಲ್ಲಿಸಿ ನೋಡಿದರು. ಒಬ್ಬ ಆಟೋದವನು, "ಹೋಗಿ ಹೋಗಿ ಅಮ್ಮಂದಿರೇ, ಜಾಗ ಬಿಟ್ಟಿದೀನಿ" ಅಂತ ಬದಿಗೆ ಸರಿದ. ಮೊದಲ ಮನೆಯ ಗೇಟಿನಲ್ಲಿ ಏಳು ಬೆಲ್ಲು ಒಟ್ಟಿಗೆ ಬಾರಿಸಿದಾಗ ಆ ಮನೆಯಾಕೆ ಬಾಯಿ ಬಿಟ್ಟುಕೊಂಡು ಹೊರಗೆ ಬಂದದ್ದು ಇವತ್ತೂ ಕಣ್ಣಿಗೆ ಕಟ್ಟಿದೆ.

ಎರಡನೆಯ ಮನೆಗೆ ಹೋಗುವ ದಾರಿ ಸ್ವಲ್ಪ ಇಳಿಜಾರು. ಕುಚ್ಚಿನವಳು ಮುಂದೆ, ನಾನು ಅವಳ ಹಿಂದೆ. ಮೊದಲ ಮನೆಯಲ್ಲಿ ಗೊಂಬೆಗೆ ನಮಸ್ಕಾರ ಮಾಡಿ ಎದ್ದಾಗ ಸಡಿಲವಾಗಿದ್ದ ಸೆರಗು ಸೊಂಟದಿಂದ ಜಾರಿದ್ದು ನನಗೆ ಹಿಂದಿನಿಂದ ಕಾಣಿಸಿತು. ಕೂಗಬೇಕು ಅಂದುಕೊಳ್ಳುವಷ್ಟರಲ್ಲಿ ಕುಚ್ಚು ಚಕ್ರದ ಕಡ್ಡಿಗಳಿಗೆ ಸಿಕ್ಕಿ ಸುತ್ತಿಕೊಂಡಿತು. ಅವಳು ಬ್ರೇಕ್ ಹಿಡಿದಳು. ಅದನ್ನು ನಾನು ಕಣ್ಣಾರೆ ನೋಡಿದೆ, ಎರಡೂ ಕೈಯಲ್ಲಿ, ಸುಣ್ಣದ ಗೆರೆಯ ಮೇಲೆ ಹಿಡಿಯುತ್ತಿದ್ದ ಹಾಗೆಯೇ ಹಿಡಿದಳು. ಆದರೆ ಸೀರೆ ಅವಳನ್ನು ಹೆಗಲಿನಿಂದ ಹಿಂದಕ್ಕೆ ಎಳೆದು ಕೆಡವಿತು. ಎಡಗೈ ಊರಿ ಬಿದ್ದಳು. ಮಣಿಕಟ್ಟು ಮುರಿದ ಸದ್ದು ನನಗೆ ಕೇಳಿಸಿತು.

ಉಳಿದವರನ್ನು ಮನೆಗೆ ಕಳಿಸಿ, ನಾನೊಬ್ಬಳೇ ಅವಳನ್ನು ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಅತ್ತದ್ದು ಸೀರೆ ಹರಿದದ್ದಕ್ಕೆ. "ನಿಮ್ಮ ಸೀರೆ ಹಾಳಾಯ್ತು ಮಿಸ್" ಅಂತ ಅಂದದ್ದನ್ನೇ ಅಂದಳು. ಸುದ್ದಿ ಮುಟ್ಟಿ ಅವಳ ಗಂಡ ಸುಲ್ತಾನ್‌ಪೇಟೆಯಿಂದ ಸ್ಕೂಟರಿನಲ್ಲಿ ಬಂದ. ಬೆವರು ಸುರಿಯುತ್ತಿತ್ತು. ಹೆಂಡತಿಯ ಕೈ ನೋಡಿದ, ಮುಖ ನೋಡಿದ, ನನ್ನ ಕಡೆ ತಿರುಗಿ ಕೇಳಿದ: "ಏನಾಯ್ತು ಟೀಚರ್?"

ನಾನು ಸೀರೆ ಉಡಿಸಿದೆ, ಅವಳು ಬೇಡವೆಂದಳು, ಬಲೆ ಇಲ್ಲವೆಂದಳು, ನಾನು ಕೇಳಲಿಲ್ಲ. ಹೇಳಬೇಕಾದದ್ದು ಇಷ್ಟೇ. ನನ್ನ ಬಾಯಿಂದ ಬಂದದ್ದು ಬೇರೆ. "ಗಾಬರಿ ಆಗ್ಬಿಟ್ಲು. ಬ್ರೇಕ್ ಹಿಡಿಯೋದು ಇನ್ನೂ ಸರಿಯಾಗಿ ಬಂದಿಲ್ಲ ಇವಳಿಗೆ" ಅಂದೆ.

ಯಾಕೆ ಹಾಗಂದೆ ಅಂತ ನೂರು ಸಲ ಕೇಳಿಕೊಂಡಿದ್ದೇನೆ. ಪಾಠ ನಿಂತುಹೋದೀತು ಅನ್ನುವ ಭಯವಿತ್ತು ಅಂತ ಹೇಳಬಹುದು, ಅದೂ ಪೂರ್ತಿ ನಿಜವಲ್ಲ. ಕೈಮುಗಿದು ನಿಲ್ಲುವ ಆ ಮನುಷ್ಯನ ಎದುರಿಗೆ ನನ್ನ ತಪ್ಪು ಅಂತ ಹೇಳಲು ನನಗೆ ಆಗಲಿಲ್ಲ. ಕೆಂಪು ಸುತ್ತು ಹಾಕುವ ಕೈ ತಾನಾಗಿ ಅವಳ ಕಡೆ ಹೋಯಿತು. ಬೆಂಚಿನ ಮೇಲೆ ಕೂತಿದ್ದ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಡಾಕ್ಟರನ್ನು ಕೇಳಿಬರುತ್ತೇನೆ ಅಂತ ಎದ್ದು ಹೋದೆ.

ಒಂದೂವರೆ ತಿಂಗಳು ಕೈಗೆ ಪ್ಲಾಸ್ಟರ್. ದೀಪಾವಳಿಯ ಸೀರೆಗಳು ಬೇರೆಯವರ ಪಾಲಾದವು. ನಾನು ಹಣ್ಣು, ಹಾರ್ಲಿಕ್ಸು ಅಂತ ಎರಡು ಸಲ ಹೋಗಿ ಬಂದೆ. ಹೋದಾಗಲೆಲ್ಲ ಕ್ಯಾಲ್ಸಿಯಂ ಮಾತ್ರೆಯ ಬಗ್ಗೆ ಉಪದೇಶ ಮಾಡಿದೆ, ಹೇಳಬೇಕಾದ ಒಂದು ಮಾತು ಬಿಟ್ಟು. ಕೈ ಸರಿಯಾಗಲಿ, ಮತ್ತೆ ಸೈಕಲ್ ಹತ್ತುತ್ತಾಳೆ, ಎಲ್ಲ ಮರೆತುಹೋಗುತ್ತದೆ ಅಂದುಕೊಂಡಿದ್ದೆ. ಮೈದಾನದಲ್ಲಿ ಯಾರಾದರೂ ಕೇಳಿದರೂ ಅದೇ ಸುಳ್ಳು ಹೇಳಿದೆ. ಎರಡನೆಯ ಸಲ ಹೇಳುವುದು ಕಷ್ಟವಾಗಲಿಲ್ಲ.

ಕೈ ಸರಿಹೋಯಿತು. ಅವಳು ಮಾತ್ರ ಬರಲಿಲ್ಲ. ನನ್ನ ಮನೆಗೆ ಸೀರೆ ತಂದುಕೊಟ್ಟದ್ದು ಅವಳ ಗಂಡ, ಸಂಜೆ ಸ್ಕೂಟರಿನಲ್ಲಿ. "ಇನ್ಮೇಲೆ ತರೋದು ಕೊಡೋದು ನಾನೇ ನೋಡ್ಕೋತೀನಿ ಟೀಚರ್. ಅವಳು ಮನೇಲಿ ಕೂತು ಕೆಲಸ ಮಾಡಿದ್ರೆ ಸಾಕು" ಅಂದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಹೆಂಡತಿಗೆ ಉಪಕಾರ ಮಾಡುತ್ತಿರುವ ಸಮಾಧಾನವಿತ್ತು. ನನಗೆ ಪಾರ್ಕಿನ ಬೆಂಚು ನೆನಪಾಯಿತು. ಪರ್ಸ್ ತಂದು ಕುಚ್ಚಿನ ಕೂಲಿ ಎಣಿಸಿ ಅವನ ಕೈಗಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ ನಮ್ಮ ನಾದಿನಿಯ ಮೊಮ್ಮಗನ ಮುಂಜಿಗೆ ಕಾರ್ಡು ಮಾಡಿಸಲು ಅವರ ಜೊತೆ ಸುಲ್ತಾನ್‌ಪೇಟೆಗೆ ಹೋಗಿದ್ದೆ. ಅವಳ ಗಂಡ ಕೆಲಸ ಮಾಡುವ ಅಂಗಡಿಯ ಮುಂದೆ, ನಾನು ಅವಳಿಗೆ ಕೊಟ್ಟಿದ್ದ ಮಗಳ ಸೈಕಲ್ ನಿಂತಿತ್ತು. ಬುಟ್ಟಿಯಲ್ಲಿ ಕಾರ್ಡಿನ ಕಟ್ಟುಗಳು, ಹಿಂದಿನ ಕ್ಯಾರಿಯರಿನಲ್ಲೂ ಕಟ್ಟುಗಳು. ನಾನು ನೋಡುತ್ತಿದ್ದಂತೆ ನಡುವಯಸ್ಸಿನ ಒಬ್ಬ ಆಳು ಬಂದು ಅದನ್ನು ಹತ್ತಿ ಪ್ರೆಸ್ಸಿನ ಕಡೆ ಹೊರಟ. ಅದರ ಹಿಂದಿನ ಚಕ್ರಕ್ಕೆ ಎರಡೂ ಕಡೆ ಹೊಚ್ಚ ಹೊಸ ಬಲೆ ಹಾಕಿಸಿದ್ದರು, ಕಾರ್ಡಿನ ಕಟ್ಟಿನ ದಾರ ಸಿಕ್ಕಿಕೊಳ್ಳದಿರಲಿ ಅಂತ ಇರಬೇಕು. ನಾದಿನಿ ಏನೋ ಅಕ್ಷರ ದಪ್ಪವಿರಲೋ ತೆಳ್ಳಗಿರಲೋ ಅಂತ ಕೇಳುತ್ತಿದ್ದರು, ನಾನು ಯಾವುದಕ್ಕೂ ಸರಿ ಅಂದೆ.

ಆ ಭಾನುವಾರ ಬೆಳಗ್ಗೆ, ಗಂಡ ಹೆಂಡತಿ ಇಬ್ಬರೂ ಮನೆಯಲ್ಲಿರುವ ಹೊತ್ತು ನೋಡಿಕೊಂಡು, ಚಾಮರಾಜಪೇಟೆಗೆ ಸೈಕಲ್ಲಿನಲ್ಲೇ ಹೋದೆ. ಅವನು ಕುರ್ಚಿ ಒರೆಸಿ ಕೂರಿಸಿದ. ಅವಳು ಕಿಟಕಿಯ ಹತ್ತಿರ ನೆಲದ ಮೇಲೆ ಕೂತು ಯಾರದೋ ಹಸಿರು ಸೀರೆಗೆ ಗಂಟು ಹಾಕುತ್ತಿದ್ದಳು. ಎಡಗೈಯ ಮಣಿಕಟ್ಟು ಪೂರ್ತಿ ಮಡಚಲು ಆಗುವುದಿಲ್ಲ ಅಂತ ಆಗಲೇ ಗೊತ್ತಾಗಿದ್ದು ನನಗೆ. ನಾನು ಪೀಠಿಕೆ ಹಾಕಲಿಲ್ಲ.

"ಅವತ್ತು ನಾನು ನಿಮಗೆ ಹೇಳಿದ್ದು ಸುಳ್ಳು. ಬ್ರೇಕ್ ಹಿಡಿಯೋದ್ರಲ್ಲಿ ಇವಳನ್ನ ಮೀರಿಸೋರು ನಮ್ಮಲ್ಲಿ ಯಾರೂ ಇಲ್ಲ. ಸೀರೆ ಬೇಡ, ಚಕ್ರಕ್ಕೆ ಬಲೆ ಇಲ್ಲ ಅಂತ ಹೇಳಿದ್ಲು. ನಾನೇ ಹಟ ಮಾಡಿ ಉಡಿಸಿದೆ. ತಪ್ಪು ಪೂರಾ ನಂದು. ಅವಳ ಸೈಕಲ್ ಅವಳಿಗೆ ಕೊಟ್ಬಿಡಿ."

ಅವನು ಎರಡೂ ಕೈ ಜೋಡಿಸಿದ. ಕಣ್ಣಲ್ಲಿ ನೀರೇ ಬಂದಿತ್ತು. "ಟೀಚರ್, ನೀವು ದೊಡ್ಡೋರು. ಇವಳಿಗೆ ಬೇಜಾರಾಗ್ಬಾರ್ದು ಅಂತ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳಕ್ಕೆ ಇಷ್ಟು ದೂರ ಬಂದಿದೀರಲ್ಲ, ಇಂಥೋರು ಎಲ್ಲಿ ಸಿಗ್ತಾರೆ?" ಅಂದ. ಹೆಂಡತಿಯ ಕಡೆ ತಿರುಗಿ, "ನೋಡ್ದೇನೇ" ಅಂದ.

ನಾನು, ಇಲ್ಲ, ಇದು ನಿಜ, ಅಂದೆ. ದೇವರಾಣೆ ಅಂದೆ. ದನಿ ಏರಿಸಿದೆ. ನಾನು ಹೇಳಿದಷ್ಟೂ ಅವನ ಗೌರವ ಹೆಚ್ಚುತ್ತ ಹೋಯಿತು. ಸುಳ್ಳು ಹೇಳಿದಾಗ ಒಂದೇ ಸಲಕ್ಕೆ ನಂಬಿದ್ದ ಮನುಷ್ಯ ಅವನು. ನಾನು ಅವಳ ಕಡೆ ನೋಡಿದೆ. ಅವಳಾದರೂ ಹೇಳಲಿ, ಹೌದು ಮಿಸ್ ಹೇಳ್ತಿರೋದೇ ನಿಜ ಅನ್ನಲಿ, ನನ್ನನ್ನು ಬೈಯಲಿ.

ಅವಳು ದಾರದ ತುದಿಯನ್ನು ಹಲ್ಲಿನಲ್ಲಿ ಕತ್ತರಿಸಿ ಹೇಳಿದಳು: "ಬಿಡಿ ಮಿಸ್. ನಂಗೆ ಸರಿಯಾಗಿ ಬರ್ತಿರ್ಲಿಲ್ಲ ಅನ್ಸತ್ತೆ. ಬಂದಿದ್ರೆ ಯಾಕ್ ಬೀಳ್ತಿದ್ದೆ?"

ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮನೆಯೊಳಗೆ ಕೂತು, ಗಂಡನ ಬಾಯಲ್ಲಿ, ವಠಾರದವರ ಬಾಯಲ್ಲಿ ಕೇಳಿ ಕೇಳಿ ಅವಳು ನನ್ನ ಸುಳ್ಳನ್ನು ನಂಬಿಬಿಟ್ಟಿದ್ದಳು. ಗೆರೆಯ ಮೇಲೆ ಹತ್ತಕ್ಕೆ ಹತ್ತು ಸಲ ನಿಲ್ಲಿಸಿದ್ದು ಅವಳಿಗೆ ನೆನಪಿದೆಯೋ ಇಲ್ಲವೋ. ಮಿಸ್ಸೇ ಹೇಳಿದ ಮೇಲೆ ಅದು ಯಾವ ಲೆಕ್ಕ?

ಕಾಫಿ ಕುಡಿದೆ. ಸಕ್ಕರೆ ಸಾಕಾ ಅಂತ ಕೇಳಿದಳು, ಸಾಕು ಅಂದೆ. ಹೊರಡುವಾಗ ಇಬ್ಬರೂ ವಠಾರದ ಬಾಗಿಲವರೆಗೆ ಬಂದರು. ಅವಳು ನನ್ನ ಸೈಕಲ್ಲನ್ನು ನೋಡಿ, ಗಾಳಿ ಸ್ವಲ್ಪ ಕಮ್ಮಿ ಇದೆ ಮಿಸ್, ಅಂದಳು. ಹ್ಯಾಂಡಲ್ ಹಿಡಿದೆ, ಕಾಲೆತ್ತಲು ಆಗಲಿಲ್ಲ. ಅವರು ನೋಡುತ್ತ ನಿಂತೇ ಇದ್ದರು. ರಸ್ತೆಯ ತಿರುವಿನವರೆಗೂ ತಳ್ಳಿಕೊಂಡೇ ಹೋದೆ.